ಗುಳೆ ಅನ್ನೋ ಶಬ್ದ ಇಂಗ್ಲಿಷ್ ಜರ್ನಲ್ ಮುಟ್ಟೋತನಕ: ನನ್ನ ಅನುಭವ

ಗುಳೆ, ಅಂದ್ರ ಕೂಲಿಗಂತ ವರ್ಷಾವರ್ಷ ಊರು ಬಿಟ್ಟು ಹೋಗೋದು, ಅದರ ಬಗ್ಗೆ ನಾವು ಮೂರು ಮಂದಿ ಬರೆದು ಜರ್ನಲ್‌ಗೆ ಕಳಿಸಿದ ಪೇಪರ್‌ದ ರಿವ್ಯೂ ಬಂದ ದಿನ ನಾನು ಯಾದಗಿರಿ ಸ್ಟೇಷನ್ನಾಗ ಇದ್ದೆ, ಕಲಬುರಗಿಗೆ ಹೊಳ್ಳಿ ಬರ್ಲಕ್ಕ ಉದ್ಯಾನ್ ಎಕ್ಸ್‌ಪ್ರೆಸ್ ಕಾಯ್ಕೋತ ಕುಂತಿದ್ದೆ. ಮೊಬೈಲ್ ತೆಗೆದ್ರ ಒಂದೇ ಇ-ಮೇಲ್‌ನಾಗ ಇಬ್ಬರು ರಿವ್ಯೂವರ್‌ಗಳ (ಛಾಪಾ ಆಗೋಕ್ಕಿಂತ ಮೊದಲು ಪೇಪರ್ ಓದಿ ತೂಕ ಮಾಡೋ ತಜ್ಞರ) ಮಾತು. ಮೊದಲ್ನೇವ್ರು ಹೇಳ್ತಾರ, ಸ್ಯಾಂಪಲ್ ಹ್ಯಾಂಗ ಆರಿಸಿದ್ರಿ, ಟೇಬಲ್ ಸಾಲಂಗಿಲ್ಲ, ಇಷ್ಟರ ಮ್ಯಾಲ ಯಾವ ತೀರ್ಮಾನಕ್ಕೂ ಬರ್ಲಕ್ಕ ಆಗಂಗಿಲ್ಲ ಅಂತ. ಎರಡ್ನೇವ್ರು, ಟೇಬಲ್ ವಿಪರೀತ ಆಗ್ಯಾವ, ಜನರ ಮಾತೇ ಕೇಳಿಸಂಗಿಲ್ಲ ಅಂತ. ಇಬ್ಬರೂ ಒಪ್ಪಿದ್ದು ಒಂದೇ ಒಂದು ಮಾತಿಗೆ: ನೀವು ಬರೀತಿರೋದು ಒತ್ತಾಯದ ವಲಸೆನೋ ಇಲ್ಲಾ ಕೂಲಿ ಹುಡುಕೊಂಡು ಹೋಗೋ ವಲಸೆನೋ, ಮೊದಲು ಅದನ್ನ ತೀರ್ಮಾನ ಮಾಡ್ರಿ. ಅದೇ ಪ್ಲಾಟ್‌ಫಾರ್ಮ್ ಮ್ಯಾಲ ಜೋಳದ ಹಿಟ್ಟಿನ ಚೀಲ, ಕೊಡ, ತಗಡು, ಕೂಸು ಎಲ್ಲಾ ಕಟ್ಕೊಂಡು ಪುಣೆ ಕಡೆ ಹೊಂಟ ಮಂದಿ ಕುಂತಿದ್ರು. ಅವರನ್ನೇ ಕೇಳಿಬಿಡ್ಲಾ ಅನ್ನಿಸ್ತು.

ನಾನು ಡಿಗ್ರಿ ಕಾಲೇಜಿನಾಗ ಸಮಾಜಶಾಸ್ತ್ರ ಹೇಳೋನು. ನಮ್ಮ ಕಡೆ ಸೆಮಿನಾರ್ ಬ್ಯಾನರ್ ಮ್ಯಾಲ 'ಅಂತರಶಿಸ್ತೀಯ' (ಬ್ಯಾರೆ ಬ್ಯಾರೆ ವಿಷಯದವರು ಕೂಡಿ ಮಾಡೋದು) ಅಂತ ದಪ್ಪ ಅಕ್ಷರದಾಗ ಹಾಕ್ತಾರ, ಒಳಗ ಹೋದ್ರ ಎಲ್ಲಾರೂ ಅವರವರ ಪೇಪರ್ ಓದಿ, ಸರ್ಟಿಫಿಕೇಟ್ ತಗೊಂಡು ಊಟ ಮಾಡಿ ಹೋಗ್ತಾರ. ನಾನೂ ಹಂಗೇ ಹೋದೋನೇ.

ಈ ಕೆಲಸ ಶುರು ಆಗಿದ್ದು ನಮ್ಮ ಅಜ್ಜಿಯಿಂದ. ಆಕಿ ಆಳಂದ ಕಡಿಯಾಕಿ. 1948ರಾಗ ರಜಾಕಾರರ (ನಿಜಾಮನ ಪರ ಇದ್ದ ಖಾಸಗಿ ಪಡೆಯವರ) ಹಾವಳಿ ಜೋರಾದಾಗ ಮನಿಮಂದಿ ಎಲ್ಲಾ ಗಾಡಿ ಕಟ್ಕೊಂಡು ಸೊಲ್ಲಾಪುರ ಕಡೆ ಹೋಗಿ, ಸೆಪ್ಟೆಂಬರ್‌ನಾಗ ಪೊಲೀಸ್ ಆಕ್ಷನ್ (ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕ ನುಗ್ಗಿದ್ದು) ಆದಮ್ಯಾಲ ಹೊಳ್ಳಿ ಬಂದ್ರಂತ. (ಆಕ್ಷನ್ ಆದಮ್ಯಾಲ ಇಲ್ಲಿಂದ ಓಡಬೇಕಾದ ಮುಸ್ಲಿಂ ಮನಿಗಳ ಕಥಿ ಬ್ಯಾರೇನೇ ಅದ, ಅದನ್ನ ಹೇಳೋರು ಕಡಿಮಿ.) ಇದನ್ನ ಚಾ ಕುಡಿಯುವಾಗ ನನ್ನ ಗೆಳೆಯಗ ಹೇಳ್ದೆ, ಅವ ಕಾನೂನು ಪಾಠ ಮಾಡೋನು. ಅವ ತಕ್ಷಣ ಅಂದ, "ಆಗ ಹೈದರಾಬಾದ್ ಸಂಸ್ಥಾನ ಭಾರತದಾಗ ಸೇರಿದ್ದಿಲ್ಲ, ಅಂದ್ರ ನಿಮ್ಮ ಅಜ್ಜಿ ಗಡಿ ದಾಟಿದಂಗಾಯ್ತಲ್ಲೋ."

"ಅಂದ್ರ ಅಜ್ಜಿ ನಿರಾಶ್ರಿತಳೇನು?"

"ವಾದ ಮಾಡಬಹುದು. ಆದ್ರ ನಿರಾಶ್ರಿತರ ಒಪ್ಪಂದ ಆಗಿದ್ದೇ 1951ರಾಗ. ಭಾರತ ಇನ್ನೂತನಕ ಅದಕ್ಕ ಸಹಿ ಹಾಕಿಲ್ಲ, 1967ರ ಪ್ರೋಟೊಕಾಲ್‌ಗೂ ಹಾಕಿಲ್ಲ."

ಅವತ್ತಿನ ಚಾ ಎರಡು ತಾಸು ನಡೀತು. ಆ ಒಪ್ಪಂದದ ಪ್ರಕಾರ ನಿರಾಶ್ರಿತ ಅಂದ್ರ ತನ್ನ ದೇಶ ಬಿಟ್ಟು ಹೊರಗ ಇರಬೇಕು, ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಈ ಐದರಾಗ ಒಂದರ ಕಾರಣಕ್ಕ ಕಿರುಕುಳದ ಭಯ ಇರಬೇಕು. ದೇಶದ ಒಳಗೇ ಊರು ಬಿಟ್ಟು ಓಡಿದವರ ಬಗ್ಗೆ 1998ರಾಗ ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳು ಬಂದ್ವು, ಅದ್ರಾಗ ಯುದ್ಧ, ಹಿಂಸೆ, ವಿಪತ್ತು ಅಂತೆಲ್ಲಾ ಅದ. ಹಂಗಾದ್ರ ತಾಂಡಾದಿಂದ (ಲಂಬಾಣಿ ಮಂದಿ ಇರೋ ಕೇರಿಯಿಂದ) ವರ್ಷಾವರ್ಷ ಗುಳೆ ಹೋಗೋರು ಯಾವ ಖಾನೆಗೆ ಬರ್ತಾರ? ಗಡಿ ದಾಟಂಗಿಲ್ಲ, ಯಾರೂ ಬಂದೂಕು ಹಿಡಿದು ಓಡಿಸಂಗಿಲ್ಲ. ಆದ್ರ ಕೂಲಿಗೆ ಮಂದಿ ಕರ್ಕೊಂಡು ಹೋಗೋ ಮೇಸ್ತ್ರಿ ಹತ್ರ ಮುಂಗಡ ಇಸ್ಕೊಂಡಾರ, ಮಗಳ ಮದಿವಿಗೋ ದವಾಖಾನಿಗೋ ಅದು ಖರ್ಚೂ ಆಗ್ಯದ, ಈಗ ನಾ ಬರಂಗಿಲ್ಲ ಅನ್ನೋಹಂಗೂ ಇಲ್ಲ. ಇದನ್ನ ಖುಷಿಯಿಂದ ಹೋದ್ರು ಅಂತೀರೇನು?

ಇಬ್ಬರೂ ಕೂಡಿ ಬರೆಯೋಣ ಅಂದ್ವಿ. ಕೃಷಿ ಅರ್ಥಶಾಸ್ತ್ರ ಓದಿದ ಒಬ್ಬ ಮೇಡಮ್‌ನ ಮೂರ್ನೇವ್ರಾಗಿ ಸೇರಿಸ್ಕೊಂಡ್ವಿ, ಯಾಕಂದ್ರ ನಮ್ಮಿಬ್ಬರಿಗೂ ಲೆಕ್ಕ ಬರಂಗಿಲ್ಲ.

ಇಲ್ಲೊಂದು ನಾಚಿಕಿ ಮಾತು ಹೇಳಲೇಬೇಕು. ಇದಕ್ಕಿಂತ ಮೊದಲು ನಾನು ಒಂದು ಜರ್ನಲ್‌ಗೆ ದುಡ್ಡು ಕೊಟ್ಟು ಪೇಪರ್ ಹಾಕಿಸಿದ್ದೆ. ವಾಟ್ಸ್ಯಾಪ್‌ನಾಗ ಮೆಸೇಜ್ ಬಂದಿತ್ತು, ಮೂರು ದಿನದಾಗ ಪಬ್ಲಿಶ್ ಅಂತ. ಕಳಿಸಿದ ಮರುದಿನನೇ ಅಕ್ಸೆಪ್ಟ್ ಆಯ್ತು, ಒಂದು ಕಾಮಾನೂ ಯಾರೂ ಮುಟ್ಟಿಲ್ಲ, ನಾ ತಪ್ಪು ಬರೆದ ಇಸವಿ ಕೂಡ ಹಂಗೇ ಛಾಪಾ ಆಗ್ಯದ. 2018ರ ಮೇ ತಿಂಗಳಾಗ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 4305 ಜರ್ನಲ್ ಕಿತ್ತು ಹಾಕ್ತಲ್ಲ, ಆಮ್ಯಾಲ ಅದರ ಬದಲಿ ಕೇರ್ ಲಿಸ್ಟ್ ಅಂತ ಹೊಸ ಪಟ್ಟಿ ಬಂತು, 2025ರ ಫೆಬ್ರವರಿದಾಗ ಅದನ್ನೂ ಕೈಬಿಟ್ರು. ಈಗ ಯಾವುದು ಅಸಲಿ ಯಾವುದು ನಕಲಿ ಅಂತ ನಾವೇ ನೋಡ್ಕೋಬೇಕು. ನಾ ನೋಡೋದು ಇಷ್ಟೇ: ಆ ಜರ್ನಲ್‌ನ ಹಳೇ ನಾಲ್ಕೈದು ಲೇಖನ ಪೂರ್ತಿ ಓದ್ತೀನಿ, ಬರೆದವರನ್ನ ಬ್ಯಾರೆಯವರು ಎಲ್ಲಾದ್ರೂ ಉಲ್ಲೇಖ ಮಾಡ್ಯಾರೇನು ನೋಡ್ತೀನಿ, ಆಮ್ಯಾಲ ಎಡಿಟರ್ ಲಿಸ್ಟ್‌ನಾಗ ಇರೋ ಒಬ್ಬರಿಗೆ ಇ-ಮೇಲ್ ಹಾಕಿ ನೀವು ಖರೇನೇ ಇದ್ರಾಗ ಇದ್ದೀರೇನು ಅಂತ ಕೇಳ್ತೀನಿ. ಒಬ್ಬರು ಒಮ್ಮಿ ಬರೆದ್ರು, ನನ್ನ ಹೆಸರು ಅಲ್ಲಿ ಹ್ಯಾಂಗ ಬಂತೋ ನನಗೇ ಗೊತ್ತಿಲ್ಲ ಅಂತ.

ವಲಸೆ, ನಿರಾಶ್ರಿತರ ಬಗ್ಗೆ ಬರೋ ಜರ್ನಲ್‌ಗಳು ಒಂದೊಂದು ಒಂದೊಂದು ಥರ ಇರ್ತಾವ. ಆಕ್ಸ್‌ಫರ್ಡ್‌ನಾಗ ಬಾರ್ಬರಾ ಹ್ಯಾರೆಲ್-ಬಾಂಡ್ ಅನ್ನೋ ಮಾನವಶಾಸ್ತ್ರಜ್ಞೆ 1982ರಾಗ ನಿರಾಶ್ರಿತರ ಅಧ್ಯಯನಕ್ಕಂತನೇ ಒಂದು ಕೇಂದ್ರ ಶುರು ಮಾಡಿದ್ರು. ಜರ್ನಲ್ ಆಫ್ ರೆಫ್ಯೂಜಿ ಸ್ಟಡೀಸ್ 1988ರಿಂದ ಬರ್ತದ. ಅದೇ ಕೇಂದ್ರದ ಫೋರ್ಸ್ಡ್ ಮೈಗ್ರೇಶನ್ ರಿವ್ಯೂ ಅಂತ ಇನ್ನೊಂದು, ಲೇಖನ ಸಣ್ಣವು, ಭಾಷಾ ಸರಳ, ಪುಕ್ಕಟೆ ಓದ್ಲಕ್ಕ ಸಿಗ್ತಾವ, ಕ್ಯಾಂಪಿನಾಗ ಕೆಲಸ ಮಾಡೋರೂ ಬರೀತಾರ. ನನಗ ಬರೆಯೋದು ಕಲಿಸಿದ್ದು ಇದೇ. ಕೋಲ್ಕತ್ತಾದಿಂದ ರೆಫ್ಯೂಜಿ ವಾಚ್ ಬರ್ತದ, ಅದನ್ನ ಓದಿದ್ರ ನಮ್ಮ ದೇಶದ ಸಂಗತಿಗಳನ್ನ ಹ್ಯಾಂಗ ಇಡಬೇಕು ಅಂತ ತಿಳೀತದ. ನಾವು ಮೊದಲು ಕಳಿಸಿದ ಒಂದು ದೊಡ್ಡ ಜರ್ನಲ್ ಐದೇ ದಿನಕ್ಕ ರಿಜೆಕ್ಟ್ ಮಾಡ್ತು, ರಿವ್ಯೂಗೂ ಕಳಿಸಲಿಲ್ಲ, ನಿಮ್ಮ ವಿಷಯ ನಮ್ಮ ವ್ಯಾಪ್ತಿಗೆ ಬರಂಗಿಲ್ಲ ಅಂತ. ತಪ್ಪು ನಮ್ಮದೇ, ಯಾಕ ಬರ್ತದ ಅನ್ನೋದನ್ನ ಕವರ್ ಲೆಟರ್‌ನಾಗ ಒಂದು ಸಾಲೂ ಬರೆದಿದ್ದಿಲ್ಲ.

ಹೆಸರು ಮುಚ್ಚೋದ್ರಾಗ ಭಾಳ ತ್ರಾಸ ಆಯ್ತು. ರಿವ್ಯೂವರ್‌ಗೆ ಗೊತ್ತಾಗಬಾರ್ದಂತ ನಮ್ಮ ಹೆಸರು ತೆಗಿಯೋದು ಸರಳ, ಫೈಲ್ ಪ್ರಾಪರ್ಟೀಸ್‌ನಾಗ ಉಳಿದಿದ್ರ ಅದನ್ನೂ ಅಳಿಸಬೇಕು ಅಷ್ಟೇ. ತಾಂಡಾದವರದು ಹಂಗಲ್ಲ. ಹೆಸರು ಬದಲಿ ಮಾಡಿ, 'ಕೆರಿ ಪಕ್ಕದ ತಾಂಡಾ, ಹಿಂದ ಗುಡ್ಡ, ಮುಂದ ಕ್ವಾರಿ' ಅಂತ ಬರೆದಿದ್ವಿ, ಆ ತಾಲೂಕಿನಾಗ ಓದಿದ ಯಾರಿಗಾದ್ರೂ ತಟ್ಟನೆ ಗೊತ್ತಾಗ್ತದ. ಮೇಸ್ತ್ರಿಗೆ ಗೊತ್ತಾದ್ರ ಬಾಯಿಬಿಟ್ಟವರಿಗೆ ಮುಂದಿನ ವರ್ಷ ಮುಂಗಡ ಸಿಗಂಗಿಲ್ಲ. ಗುಡ್ಡ, ಕ್ವಾರಿ ಎಲ್ಲಾ ತೆಗೆದ್ವಿ. ಸಹಿ ಕೇಳಿದ್ರ ಹೆದರತಾರ, ಅದಕ್ಕ ಬಾಯಿಮಾತಿನ ಒಪ್ಪಿಗೆ ರೆಕಾರ್ಡ್ ಮಾಡ್ಕೊಂಡ್ವಿ, ಲಂಬಾಣಿ ಮಾತಾಡೋ ಒಬ್ಬ ಹಳೇ ವಿದ್ಯಾರ್ಥಿ ಜೋಡಿ ಇದ್ದ.

ಈಗ ಆ ಎರಡು ರಿವ್ಯೂಗೆ ಬರ್ತೀನಿ. ಒಂದು ವಾರ ಮೂರೂ ಮಂದಿ ಜಗಳಾಡಿದ್ವಿ. ಮೇಡಮ್‌ಗೆ ಟೇಬಲ್ ಬೇಕು, ನನಗ ಮಾತು ಬೇಕು, ಕಾನೂನಿನ ಗೆಳೆಯಗ ವ್ಯಾಖ್ಯೆ ಬೇಕು. ಕಡೀಕ ನಾ ಮತ್ತೊಮ್ಮಿ ತಾಂಡಾಕ್ಕ ಹೋಗಿ ಒಬ್ಬ ಹಿರೇ ಹೆಣ್ಮಗಳಿಗೆ ಸೀದಾ ಕೇಳ್ದೆ, ಯವ್ವಾ, ಗುಳೆ ಅಂದ್ರ ಏನು, ಊರಿಗೆ ಹೋಗೋದಕ್ಕೂ ಗುಳೆಗೂ ಏನ್ ಫರಕ್ ಅಂತ.

"ಕೀಲಿ ಹಾಕಿ ಹೋದ್ರ ಊರಿಗಿ ಹೋಗ್ಯಾರ ಅಂತ ತಿಳಿ. ಬಾಗಿಲಿಗಿ ಕಂಟಿ (ಮುಳ್ಳಿನ ಟೊಂಗಿ) ಬಡಿದು ಹೋದ್ರ ಗುಳೆ. ಒಳಗ ಏನದ ಅಂತ ಕೀಲಿ ಹಾಕಲಿ ಸರ? ಗಂಟು ಮೂಟಿ ಹೊತ್ಕೊಂಡೇ ಹೋಗ್ತೀವಿ. ನಾಯಿ ನುಗ್ಗಬಾರ್ದು, ಅಷ್ಟೇ."

ಫೋನ್ ಹಚ್ಚಿ ಮೇಡಮ್‌ಗೆ ಹೇಳಿದ್ರ ಆಕಿ ಒಂದು ಗಳಿಗಿ ಸುಮ್ನಿದ್ದು, "ಸರ್, ಬಾಗಿಲಾ ಎಣಿಸೋಣ" ಅಂದಳು. ತೊಗರಿ ರಾಶಿ ಮುಗಿದು ಮಂದಿ ಹೋಗಿ ಆಗಿತ್ತು, ಜನವರಿ ತಿಂಗಳು. ಒಂದೊಂದೇ ಓಣಿ ನಡಕೊಂಡು, ಕಂಟಿ, ಕೀಲಿ, ತೆರೆದ ಬಾಗಿಲು ಅಂತ ಮೂರು ಕಾಲಮ್ ಹಾಕಿ ಬರಕೊಂಡ್ವಿ. ಕೀಲಿ ಇದ್ದ ಕಡೆ ಕೀಲಿಕೈ ಯಾರ ಹತ್ರ ಅದ ಅಂತ ಕೇಳಿದ್ವಿ, ಹೆಚ್ಚಿನ ಕಡೆ ಊರಾಗ ಉಳಿದ ಒಬ್ಬ ತಮ್ಮನೋ ಅತ್ತಿನೋ ಇದ್ರು. ಕಂಟಿ ಇದ್ದ ಮನಿಯವರದು ಮುಂಗಡದ ಲೆಕ್ಕ ಆಮ್ಯಾಲ ಫೋನಿನ್ಯಾಗ ಕೇಳಿ ಕೂಡಿಸಿದ್ವಿ. ಮೊದಲ್ನೇ ರಿವ್ಯೂವರ್‌ಗೆ ಟೇಬಲ್ ಸಿಕ್ತು, ಎರಡ್ನೇವ್ರಿಗೆ ಜನರದೇ ವ್ಯಾಖ್ಯೆ ಸಿಕ್ತು, ಕಾನೂನಿನ ಗೆಳೆಯ ಮಾತ್ರ ಒಂದು ದಿನ ಮುನಿಸ್ಕೊಂಡ, ಅವನ ಮೂರು ಪುಟದ ವ್ಯಾಖ್ಯೆ ಹೋಯ್ತಲ್ಲ ಅಂತ.

ಉತ್ತರದ ಪತ್ರ ಬರೆಯುವಾಗ ಎಡಕ್ಕ ರಿವ್ಯೂವರ್ ಮಾತು, ಬಲಕ್ಕ ನಮ್ಮ ಉತ್ತರ, ಪುಟ ಸಂಖ್ಯೆ ಸಮೇತ ಹಾಕಿದ್ವಿ. ಇಬ್ಬರೂ ತದ್ವಿರುದ್ಧ ಹೇಳಿದ ಕಡೆ ಜಾಣತನ ಮಾಡ್ಲಿಲ್ಲ, ಎಡಿಟರ್‌ಗೇ ಸೀದಾ ಬರೆದ್ವಿ, ಇವರಿಬ್ಬರೂ ಹಿಂಗ ಹೇಳ್ಯಾರ, ನಾವು ಈ ಕಾರಣಕ್ಕ ಹಿಂಗ ಮಾಡೀವಿ, ಒಪ್ಪಿಗಿ ಇಲ್ಲಂದ್ರ ಹೇಳ್ರಿ ಅಂತ. ಅವರು ಒಪ್ಪಿದ್ರು. ಒತ್ತಾಯದ್ದೋ ಖುಷಿದ್ದೋ ಅನ್ನೋ ಪ್ರಶ್ನೆಗೆ, ಎರಡೂ ಅಲ್ಲ, ಇದು ಗುಳೆ ಅಂತ ಬರೆದ್ವಿ, ಟೈಟಲ್‌ನಾಗೂ ಅದೇ ಶಬ್ದ ಇಟ್ವಿ. ಕಾಪಿ ಎಡಿಟರ್ ಅದನ್ನ ಓರೆ ಅಕ್ಷರ ಮಾಡ್ಲಾ ಅಂತ ಕೇಳಿದ್ರು, ಬ್ಯಾಡ ಅಂದ್ವಿ. ದುಡ್ಡು ಒಂದು ಪೈಸಾ ಕೊಟ್ಟಿಲ್ಲ, ಓಪನ್ ಆಕ್ಸೆಸ್ (ಎಲ್ಲಾರೂ ಪುಕ್ಕಟೆ ಓದೋಹಂಗ ಇಡೋದು) ಬ್ಯಾಡ ಅಂತ ಟಿಕ್ ಮಾಡಿದ್ರ ಹಂಗೇ ಹಾಕ್ತಾರ, ಆದ್ರ ಓದೋರು ದುಡ್ಡು ಕೊಟ್ಟು ಓದಬೇಕು.

ತಾಂಡಾದವರು ಎಲ್ಲಿಂದ ಓದಬೇಕು? ಅದಕ್ಕ ಕನ್ನಡದಾಗ ನಾಲ್ಕು ಪುಟ ಮಾಡಿ, ಮಳಿಗಾಲದಾಗ ಮಂದಿ ಬಿತ್ತನಿಗೆ ಹೊಳ್ಳಿ ಬಂದಾಗ ಹೋಗಿ ಓದಿ ಹೇಳಿದ್ವಿ. ಆ ಹಿರೇ ಹೆಣ್ಮಗಳು ಪೂರ್ತಿ ಕೇಳಿ ಅಂದಳು, "ಎಲ್ಲಾ ಸರಿ ಅದ, ಜಾಲಿ ಕಂಟಿ ಅಂತ ಯಾಕ ಬರದಿ? ನಾ ಹೇಳಿದ್ದು ಬಾರಿ ಹಣ್ಣಿನ ಕಂಟಿ. ಜಾಲಿ ಮುಳ್ಳು ನೆಟ್ಟಗಿರ್ತದ, ನಾಯಿ ನುಸುಳ್ತದ. ಬಾರಿ ಮುಳ್ಳು ಕೊಂಡಿ ಇದ್ದಂಗ, ಹಿಡಿದ್ರ ಬಿಡಂಗಿಲ್ಲ."

ಮನಿಗೆ ಬಂದು ರೆಕಾರ್ಡಿಂಗ್ ಹಾಕಿ ಕೇಳ್ದೆ. ಬಾರಿ ಅಂತನೇ ಅಂದಾಳ. ಇಂಗ್ಲಿಷ್ ಪೇಪರ್‌ನಾಗ ಮೂರು ಕಡೆ ಜಾಲಿ ಅಂತ ಹೋಗ್ಯದ. ಎಡಿಟರ್‌ಗೆ ತಿದ್ದುಪಡಿ ಬರೀಲಾ ಅಂತ ಕೇಳಿದ್ರ ಮೇಡಮ್, ಗೆಳೆಯ ಇಬ್ಬರೂ ನಗ್ತಾರ, ಮುಳ್ಳಿಗೆ ಯಾರು ತಿದ್ದುಪಡಿ ಹಾಕ್ತಾರ ಸರ್ ಅಂತ. ನಾ ಇ-ಮೇಲ್ ಬರೆದು ಡ್ರಾಫ್ಟ್‌ನಾಗ ಇಟ್ಟೀನಿ.