ಮನೆಯಲ್ಲೇ ಕಟ್ಟಿದ ಟಿಯರ್‌ಡ್ರಾಪ್ ಟ್ರೇಲರ್: 4,396 ಡಾಲರ್ ಎಲ್ಲೆಲ್ಲಿ ಹೋಯಿತು

ಕಾರಿನ ಹಿಂದೆ ಎಳೆದೊಯ್ಯುವ, ನೀರಿನ ಹನಿಯ ಆಕಾರದ ಪುಟ್ಟ ಟ್ರೇಲರ್ ಇದು. ಒಳಗೆ ಇಬ್ಬರಿಗೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಅಮೆರಿಕದಲ್ಲಿ ಹೊಸದು ಕೊಳ್ಳಲು ಹೋದರೆ ಸಾಮಾನ್ಯವಾಗಿ ಹತ್ತು ಸಾವಿರ ಡಾಲರಿನ ಮೇಲೆಯೇ. ಮನೆಯಲ್ಲಿ ಕಟ್ಟಿದರೆ ಎಷ್ಟಾದೀತು ಎಂದು ಕೇಳಿದರೆ, "ಚಾಸಿಗೆ ಐನೂರು, ಪ್ಲೈವುಡ್‌ಗೆ ಆರುನೂರು, ಮೇಲೆ ಇನ್ನೊಂದಿಷ್ಟು" ಎಂಬ ಉತ್ತರವೇ ಹೆಚ್ಚು. ನನ್ನ ಲೆಕ್ಕದಲ್ಲಿ ಆ "ಇನ್ನೊಂದಿಷ್ಟು" ಮೂರು ಸಾವಿರ ದಾಟಿತು. ಯಾಕೆ ಅನ್ನುವುದನ್ನು ರಸೀದಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಟ್ಟಿದ್ದು ಮಿಷಿಗನ್‌ನಲ್ಲಿ, ಮನೆಯ ಗ್ಯಾರೇಜಿನಲ್ಲಿ, 2023ರ ನವೆಂಬರ್‌ನಿಂದ 2024ರ ಮೇ ತನಕ. ಅಳತೆ 4 ಅಡಿ ಅಗಲ, 8 ಅಡಿ ಉದ್ದ, 4 ಅಡಿ ಎತ್ತರ. ಬೆಲೆಗಳೆಲ್ಲ ತೆರಿಗೆ ಸೇರಿ. ಸರ್ಕ್ಯುಲರ್ ಸಾ, ಜಿಗ್‌ಸಾ, ರೌಟರ್, ಡ್ರಿಲ್, ಹನ್ನೆರಡು ಕ್ಲ್ಯಾಂಪ್ ಮೊದಲೇ ಇದ್ದವು. ಅವು ಈ ಲೆಕ್ಕದಲ್ಲಿಲ್ಲ.

ಅಳತೆಯಿಂದಲೇ ಖರ್ಚು ಶುರುವಾಗುತ್ತದೆ. ಪ್ಲೈವುಡ್ ಹಾಳೆಯೂ ಅಲ್ಯೂಮಿನಿಯಂ ಹಾಳೆಯೂ ಸುಲಭವಾಗಿ ಸಿಗುವುದು 48 ಇಂಚು ಅಗಲದಲ್ಲಿ. ಪಕ್ಕದ ಗೋಡೆಗಳನ್ನು ನೆಲದ ಹೊರಗಡೆಗೆ ಹಚ್ಚಿದರೆ ಒಳಗೆ ಪೂರಾ 48 ಇಂಚು ಸಿಗುತ್ತದೆ. ಆದರೆ ಹೊರ ಅಗಲ 49½ ಆಗಿ, ಚಾವಣಿಯ ಹಾಳೆ ಒಂದೂವರೆ ಇಂಚು ಸಾಲದೆ ಬರುತ್ತದೆ. ಅದಕ್ಕೇ ಗೋಡೆಗಳನ್ನು ನೆಲದ ಮೇಲೆ ಕೂರಿಸಿದೆ. ಹೊರಗೆ 48, ಒಳಗೆ 46½. ಹಾಳೆ ಒಂದಿಷ್ಟೂ ವ್ಯರ್ಥವಾಗಲಿಲ್ಲ. ದೊಡ್ಡ ಮೈಕಟ್ಟಿನ ಇಬ್ಬರು ಮಲಗುವುದಾದರೆ ಮಾತ್ರ ಇದು ಸಾಲದು. ಅವರು ಮೊದಲೇ 5 ಅಡಿಯ ಚಾಸಿ, 5 ಅಡಿಯ ಅಲ್ಯೂಮಿನಿಯಂ ಎಂದು ನಿರ್ಧರಿಸಬೇಕು. ನಡುವೆ ಮನಸ್ಸು ಬದಲಿಸಿದರೆ ಎಲ್ಲವನ್ನೂ ಎರಡು ಸಲ ಕೊಳ್ಳಬೇಕಾಗುತ್ತದೆ.

ಚಾಸಿ ಎಂದರೆ ಬೋಲ್ಟ್ ಹಾಕಿ ಜೋಡಿಸುವ 4×8 ಕಿಟ್ ಟ್ರೇಲರ್, 12 ಇಂಚಿನ ಚಕ್ರದ್ದು: 480 ಡಾಲರ್. ಸ್ಟೆಪ್ನಿ 75, ಮುಂದಿನ ಜಾಕ್ 45, ನಿಲ್ಲಿಸಿದಾಗ ಅಲುಗಾಡದಂತೆ ಹಿಂದೆರಡು ಜಾಕ್ 50, ಗ್ರೀಸ್ ಮತ್ತು ಲಾಕ್‌ನಟ್ 30. ಒಟ್ಟು 680. ಕಿಟ್‌ನಲ್ಲಿ ಬಂದ ಬೇರಿಂಗ್‌ನ ಗ್ರೀಸನ್ನು ನಂಬಬೇಡಿ, ತೆಗೆದು ಹೊಸದಾಗಿ ತುಂಬಿ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸಲ ಸುತ್ತುತ್ತದೆ, ಬೇರಿಂಗ್ ಬೇಗ ಕಾಯುತ್ತದೆ. ಮೊದಲ 50 ಮೈಲಿ ಓಡಿಸಿದ ಮೇಲೆ ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಮಡಚುವ ಮಾದರಿಯ ಕಿಟ್ ಆದರೆ ಮಡಚುವ ಜಾಗಕ್ಕೆ ಬೋಲ್ಟ್ ಹಾಕಿ ಕಾಯಂ ಬಿಗಿಯಿರಿ.

ಮರದ ಲೆಕ್ಕ ಹೀಗಿದೆ. ಪಕ್ಕದ ಗೋಡೆಗೆ ಮುಕ್ಕಾಲು ಇಂಚಿನ ಪ್ಲೈ ಎರಡು ಹಾಳೆ 170. ನೆಲಕ್ಕೆ ಅರ್ಧ ಇಂಚಿನದು ಒಂದು 55. ನಡುಗೋಡೆ, ಅಡುಗೆಕಟ್ಟೆ, ಗೂಡುಗಳಿಗೆ ಅರ್ಧ ಇಂಚಿನವು ಮೂರು 180. ಚಾವಣಿಯ ಒಳಮೈ ಹೊರಮೈಗೆ 5 ಮಿಲಿಮೀಟರ್ ಪ್ಲೈ ನಾಲ್ಕು 100. ಅಡ್ಡಪಟ್ಟಿಗಳಿಗೆ ಒಂದೂವರೆ ಇಂಚಿನ ರೀಪರ್ ಹದಿನಾಲ್ಕು 56. ನೆಲದ ಚೌಕಟ್ಟಿಗೆ 40. ಒಟ್ಟು 601. ಊರಿನಲ್ಲಿ ಬಡಗಿಗಳು ಐಎಸ್ 710 ಗುರುತು ನೋಡಿ ನೀರಿಗೆ ಜಗ್ಗದ ಮರೈನ್ ಪ್ಲೈ ತರುತ್ತಾರಲ್ಲ, ಇಲ್ಲಿನ ಮಾಮೂಲಿ ಅಂಗಡಿಯ ಹಾಳೆ ಆ ಮಟ್ಟದ್ದಲ್ಲ. ಪದರಗಳ ನಡುವೆ ಟೊಳ್ಳು ಇರುತ್ತದೆ. ಗೋಡೆಯ ಎರಡು ಹಾಳೆಗೆ ಮಾತ್ರ ಹೆಚ್ಚು ಕೊಟ್ಟು ಒಳ್ಳೆಯದು ತನ್ನಿ, ಉಳಿದದ್ದು ನಡೆಯುತ್ತದೆ.

ಚಾವಣಿಯ ಪ್ಲೈ ಬಗ್ಗಿಸುವಾಗ ಎರಡು ಹಾಳೆ ಸೀಳಿದವು. ಕಾರಣ ಎಳೆಯ ದಿಕ್ಕು. ಮೇಲ್ಪದರದ ಎಳೆ ಟ್ರೇಲರಿನ ಅಗಲದ ದಿಕ್ಕಿಗೆ, ಅಂದರೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬರುವಂತೆ ಹಾಳೆ ಇಟ್ಟರೆ ಸಲೀಸಾಗಿ ಬಾಗುತ್ತದೆ. ಉದ್ದಕ್ಕೆ ಬಂದರೆ ಮುಂದಿನ ಬಿಗಿ ತಿರುವಿನಲ್ಲಿ ಬಿರುಕು ಬಿಡುತ್ತದೆ. ಅಲ್ಲಿಗೆ ಹಾಳೆಯನ್ನು ಅಡ್ಡ ಕತ್ತರಿಸಿ, ಬಿಸಿನೀರಿನ ಟವೆಲ್ ಹೊದಿಸಿ, ಬೆಲ್ಟ್ ಕಟ್ಟಿ ರಾತ್ರಿಯಿಡೀ ಬಿಟ್ಟು, ಪೂರ್ತಿ ಒಣಗಿದ ಮೇಲೆ ಅಂಟು ಹಾಕಿದೆ. ಅಡ್ಡಪಟ್ಟಿಗಳ ನಡುವೆ ಒಂದೂವರೆ ಇಂಚಿನ ಗಟ್ಟಿ ಫೋಮ್ ಎರಡು ಹಾಳೆ, 76 ಡಾಲರ್.

ಇಲ್ಲಿಯವರೆಗೆ ಎಲ್ಲರ ಅಂದಾಜೂ ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತದೆ. ಲೆಕ್ಕ ತಪ್ಪುವುದು ಗೋಡೆಗೆ ತೂತು ಕೊರೆಯುವ ದಿನ. ಎರಡು ಬಾಗಿಲು, ಒಂದು ಫ್ಯಾನ್, ಒಂದು ಹಿಂದಿನ ಮುಚ್ಚಳ, ಈ ನಾಲ್ಕು ತೆರಪುಗಳಿಗೆ 1,125 ಡಾಲರ್ ಹೋಯಿತು. ಮರಕ್ಕೆ ಕೊಟ್ಟದ್ದರ ಹತ್ತಿರ ಹತ್ತಿರ ಎರಡರಷ್ಟು. ಹಾಗಿದ್ದರೂ ಉಳಿತಾಯ ಮಾಡಬಾರದ ಜಾಗ ಇದೇ ಎಂದು ನನಗೆ ಖಚಿತವಾಗಿದೆ, ಯಾಕೆಂದರೆ ನೀರು ಒಳಗೆ ಬರುವುದು ಇಲ್ಲಿಂದ.

ಕಿಟಕಿ, ಬೀಗ, ರಬ್ಬರ್ ಎಲ್ಲ ಕೂಡಿಸಿದ ಸಿದ್ಧ ಬಾಗಿಲು ಒಂದಕ್ಕೆ 330, ಎರಡಕ್ಕೂ ಸೇರಿ ಸಾಗಣೆ 120; ಒಟ್ಟು 780. ಇದನ್ನು ಕಂಡು ಹೆಚ್ಚಿನವರು ಬಾಗಿಲು ತಾವೇ ಮಾಡಲು ಹೊರಡುತ್ತಾರೆ. ಪ್ಲೈ, ಹಿಂಜ್, ಬೀಗ, ಕಿಟಕಿ, ರಬ್ಬರ್ ಸೇರಿ ಬಾಗಿಲೊಂದಕ್ಕೆ 160ರಲ್ಲಿ ಮುಗಿಯುತ್ತದೆ, ನಿಜ. ಆದರೆ ಪ್ಲೈ ಬಾಗಿಲು ತೇವಕ್ಕೆ ಸ್ವಲ್ಪ ಸೊಟ್ಟಗಾದರೂ ಒಂದು ಮೂಲೆಯಲ್ಲಿ ರಬ್ಬರ್ ತಾಗುವುದಿಲ್ಲ. ಅಂಗಳದಲ್ಲಿ ಪೈಪು ಹಿಡಿದು ನೀರು ಬಿಟ್ಟಾಗ ಸೋರದ ಬಾಗಿಲು, ಗಂಟೆಗೆ 60 ಮೈಲಿ ವೇಗದಲ್ಲಿ ಮಳೆಗೆ ಸಿಕ್ಕಾಗ ಸೋರುತ್ತದೆ. ಸಿದ್ಧ ಬಾಗಿಲು ತರಿಸುವಾಗ ಗೋಡೆಯ ದಪ್ಪವನ್ನು ಸರಿಯಾಗಿ ತಿಳಿಸಿ, ಏಕೆಂದರೆ ಒಳಗಿನ ಚೌಕಟ್ಟು ಆ ದಪ್ಪಕ್ಕೆ ತಕ್ಕಂತೆ ಬಿಗಿಯುತ್ತದೆ. ಬಾಗಿಲು ಕೈಗೆ ಬಂದ ಮೇಲೆ ಅದನ್ನೇ ಅಳೆದು ಗೋಡೆ ಕತ್ತರಿಸಿ. ಮೂಲೆಗಳ ದುಂಡು ಕಾಗದದ ಮೇಲಿನ ಅಳತೆಗೆ ಕೂರುವುದು ಅಪರೂಪ.

ಫ್ಯಾನ್ 14 ಇಂಚು ಚೌಕದ್ದು, 150. ಇಬ್ಬರು ಇಷ್ಟು ಸಣ್ಣ ಜಾಗದಲ್ಲಿ ರಾತ್ರಿಯೆಲ್ಲ ಉಸಿರಾಡಿದರೆ ಬೆಳಗಿನ ಹೊತ್ತಿಗೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಸೋರಿಕೆ ಎಂದು ಹುಡುಕುವ ನೀರಿನಲ್ಲಿ ಅರ್ಧ ಇದೇ ಆಗಿರುತ್ತದೆ. ಫ್ಯಾನ್ ಕೂರುವ ಚೌಕದ ನಾಲ್ಕೂ ಬದಿಗೆ ರೀಪರ್ ಬರುವಂತೆ ಫೋಮ್ ತುಂಬುವ ಮೊದಲೇ ಚೌಕಟ್ಟು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸ್ಕ್ರೂ ಫೋಮ್‌ಗೆ ಇಳಿಯುತ್ತದೆ, ಹಿಡಿಯುವುದಿಲ್ಲ. ಇನ್ನೊಂದು ತೊಡಕೆಂದರೆ ಫ್ಯಾನಿನ ಅಂಚು ಚಪ್ಪಟೆ, ಚಾವಣಿ ಬಾಗು. ಪ್ಲೈನ ಒಂದು ಉಂಗುರ ಮಾಡಿ, ಅದರ ಕೆಳಮೈಯನ್ನು ಚಾವಣಿಯ ಬಾಗಿಗೆ ಉಜ್ಜಿ ಕೂರಿಸಿ, ಮೇಲೆ ನೀರು ತಡೆಯುವ ಮೆತ್ತನೆಯ ಬ್ಯುಟೈಲ್ ಟೇಪ್, ಅದರ ಮೇಲೆ ಫ್ಯಾನ್, ಕೊನೆಗೆ ಸ್ಕ್ರೂ ತಲೆಗಳ ಮೇಲೆ ತಾನಾಗಿ ಹರಡಿಕೊಳ್ಳುವ ಸೀಲೆಂಟ್. ಈ ಉಂಗುರ ಬಿಟ್ಟರೆ ಸೀಲೆಂಟ್ ಎಷ್ಟು ಸುರಿದರೂ ಎರಡನೇ ಚಳಿಗಾಲಕ್ಕೆ ಬಿಟ್ಟುಕೊಳ್ಳುತ್ತದೆ.

ಹಿಂದಿನ ಮುಚ್ಚಳವೇ ಇಡೀ ಕೆಲಸದಲ್ಲಿ ಕಷ್ಟದ್ದು. ಸಾಮಾನಿಗೆ 195 ಮಾತ್ರ: ಹರಿಕೇನ್ ಹಿಂಜ್ 60, ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಜೋಡಿ 50, ರಬ್ಬರ್ 45, ಹಿಡಿಕೆ ಬೀಗ 40. ಕಷ್ಟ ಇರುವುದು ಬಾಗಿನಲ್ಲಿ. ಮುಕ್ಕಾಲು ಇಂಚಿನ ಪ್ಲೈನಿಂದ ಪಕ್ಕೆಲುಬುಗಳನ್ನು ಕತ್ತರಿಸಿ ಮೇಲೆ ತೆಳು ಪ್ಲೈ ಅಂಟಿಸಿದಾಗ, ಆ ತೆಳು ಪ್ಲೈ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ. ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಮುಚ್ಚಳದ ಕೆಳತುದಿ ಅರ್ಧ ಇಂಚು ಹೊರಗೆ ಬಂದು ನಿಲ್ಲುತ್ತದೆ. ಅದನ್ನು ತಡೆಯಲು ಮೂರು ಕೆಲಸ. ಪಕ್ಕೆಲುಬಿನ ಬಾಗನ್ನು ಗೋಡೆಯ ಬಾಗಿಗಿಂತ ತುಸು ಬಿಗಿಯಾಗಿ ಕತ್ತರಿಸುವುದು. ಅಂಟಿಸುವುದನ್ನು ಮೇಜಿನ ಮೇಲೆ ಮಾಡದೆ ಟ್ರೇಲರಿನ ಮೇಲೆಯೇ ಬೆಲ್ಟ್ ಬಿಗಿದು ಮಾಡುವುದು. ಒಳಮೈ ಹೊರಮೈ ಎರಡೂ ಅಂಟಿ, ನಡುವೆ ಫೋಮ್ ಸೇರಿ ಒಂದೇ ಪೆಟ್ಟಿಗೆಯಾಗುವ ತನಕ, ಅಂದರೆ ಪೂರ್ತಿ ಎರಡು ದಿನ, ಬೆಲ್ಟ್ ಬಿಚ್ಚದಿರುವುದು. ಹರಿಕೇನ್ ಹಿಂಜ್‌ನ ಎರಡು ಪಟ್ಟಿಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುದರಿಂದ ನೀರು ಮೇಲಿಂದಲೇ ಜಾರಿಹೋಗುತ್ತದೆ. ಅದರ ಎರಡು ತುದಿ ಗೋಡೆಗಿಂತ ತುಸು ಹೊರಚಾಚಿರಲಿ; ಸಮ ಕತ್ತರಿಸಿದರೆ ತುದಿಯಿಂದ ನೀರು ನುಗ್ಗುತ್ತದೆ. ಸ್ಟ್ರಟ್ ಕೊಳ್ಳುವುದು ಕಡೆಗೆ. ಮುಚ್ಚಳಕ್ಕೆ ಬಣ್ಣ, ದೀಪ, ಬೀಗ ಎಲ್ಲ ಆದ ಮೇಲೆ ಲಗೇಜ್ ತೂಗುವ ತಕ್ಕಡಿ ಸಿಕ್ಕಿಸಿ ಎತ್ತಿ ಭಾರ ನೋಡಿ. ಮೊದಲೇ ಅಂದಾಜಿನಲ್ಲಿ ತಂದ ಜೋಡಿ ನನಗೆ ದಂಡವಾಯಿತು.

ಚಾವಣಿ ಮತ್ತು ಮುಚ್ಚಳದ ಮೇಲೆ 0.040 ಇಂಚು ದಪ್ಪದ ಅಲ್ಯೂಮಿನಿಯಂ, 4×10 ಒಂದು, 4×8 ಒಂದು, 285. ಅಂಚಿನ ಮೋಲ್ಡಿಂಗ್ 110. ಹಾಳೆಯ ನಡುವೆ ಎಲ್ಲೂ ಸ್ಕ್ರೂ ಹೊಡೆಯಬೇಡಿ, ಅಂಟನ್ನೂ ಬಳಿಯಬೇಡಿ. ಹತ್ತು ಅಡಿಯ ಅಲ್ಯೂಮಿನಿಯಂ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಅಂಚಿನ ಮೋಲ್ಡಿಂಗ್ ಮಾತ್ರ ಅದನ್ನು ಹಿಡಿದಿರಬೇಕು, ಹಾಳೆಯ ತೂತುಗಳು ಸ್ಕ್ರೂಗಿಂತ ದೊಡ್ಡದಿರಬೇಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ನದೇ ಆಗಬೇಕು. ಬೋಲ್ಟ್ ಸೇರಿ ಅದಕ್ಕೆ 110.

ಪಕ್ಕದ ಗೋಡೆಗೆ ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಿಯುವ, ಗಟ್ಟಿಯಾಗುವ ಲೇಪ) ಒಂದು ಗ್ಯಾಲನ್ 120, ವಾರ್ನಿಷ್ 40, ರೋಲರ್ ಬ್ರಷ್ ಗ್ಲೌಸ್ 45. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತದೆ, ಆದ್ದರಿಂದ ಬಿಸಿಲು ತಡೆಯುವ ವಾರ್ನಿಷ್ ಮೇಲಿರಲೇಬೇಕು. ಗೋಡೆ ಕೊಳೆಯುವುದು ಮೈಯಿಂದಲ್ಲ, ಕೆಳಗಿನ ಕತ್ತರಿಸಿದ ಅಂಚಿನಿಂದ. ಅಲ್ಲಿ ಪದರಗಳ ಬಾಯಿ ತೆರೆದಿರುತ್ತದೆ, ರಸ್ತೆಯ ನೀರು ಎರಚುತ್ತಲೇ ಇರುತ್ತದೆ. ಜೋಡಿಸುವ ಮೊದಲೇ ಆ ಅಂಚಿಗೆ ಮೂರು ಕೋಟ್ ಕುಡಿಸಿ. ಬೋಲ್ಟ್ ಹೋಗುವ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿಯಳತೆಗೆ ಮತ್ತೆ ಕೊರೆಯಿರಿ. ನೆಲದ ಅಡಿಗೆ ಡಾಂಬರಿನ ಎಮಲ್ಷನ್ ಎರಡು ಕೋಟ್, ಚಾಸಿಗೆ ಕೂರಿಸುವ ಮೊದಲು, ಬೋರಲು ಹಾಕಿಕೊಂಡು ಬಳಿಯಬೇಕು. ಆ ಎಮಲ್ಷನ್, ಬ್ಯುಟೈಲ್ ಟೇಪ್, ಸೀಲೆಂಟ್ ಮತ್ತು ಮರದ ಅಂಟು ಸೇರಿ 154. ಸಿಲಿಕೋನ್ ಮಾತ್ರ ಹತ್ತಿರ ತರಬೇಡಿ. ಒಮ್ಮೆ ಹಚ್ಚಿದ ಜಾಗಕ್ಕೆ ಮುಂದೆ ಬೇರೇನೂ ಅಂಟುವುದಿಲ್ಲ.

ಚಳಿಗಾಲದ ಗ್ಯಾರೇಜಿಗೂ ಒಂದು ಬೆಲೆಯಿದೆ. ಮರದ ಅಂಟು 50 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಬಿಳಿ ಸುಣ್ಣದಂತೆ ಒಣಗಿ ಹಿಡಿತ ಬಿಡುತ್ತದೆ. ಎಪಾಕ್ಸಿಯ ಒಂದು ಪಾಕ ತಣ್ಣಗಿನ ಮರದ ಮೇಲೆ ಗಟ್ಟಿಯಾಗದೆ ಅಂಟಂಟಾಗಿ ಉಳಿದು, ಕೆರೆದು ತೆಗೆಯಬೇಕಾಯಿತು. ಸೀಳಿದ ಪ್ಲೈ 50, ತಪ್ಪು ಸ್ಟ್ರಟ್ 50, ಕೆಟ್ಟ ಎಪಾಕ್ಸಿ 60, ಹೀಗೆ ಹಾಳಾದದ್ದು 160.

ವಿದ್ಯುತ್ತಿಗೆ 535. ಇದರಲ್ಲಿ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ 230. ಫ್ರಿಜ್ ಇಲ್ಲದವರಿಗೆ ಇದು ಬೇಡ. ನಿಧಾನ ಓಡುವ ಫ್ಯಾನು, ಎಲ್‌ಇಡಿ ದೀಪ, ಎರಡು ಫೋನು ಸೇರಿದರೂ ಒಂದು ರಾತ್ರಿಗೆ 10 ಆಂಪಿಯರ್-ಅವರ್ ಆಸುಪಾಸು; 50ರ ಬ್ಯಾಟರಿ ಸಾಕು, ಆಗಿನ ಬೆಲೆಗೆ ಸುಮಾರು ನೂರು ಡಾಲರ್ ಉಳಿಯುತ್ತಿತ್ತು. ಈ ಬಗೆಯ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್ ಕೆಳಗೆ ಚಾರ್ಜ್ ಮಾಡಬಾರದು. ಉಳಿದ 305ರಲ್ಲಿ ಚಾರ್ಜರ್, ಫ್ಯೂಸ್ ಪೆಟ್ಟಿಗೆ, ವೈರು, ಒಳದೀಪ, ಹಿಂದಿನ ದೀಪ, ಮತ್ತು 25 ಡಾಲರಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಅಲಾರಂ ಇಲ್ಲದೆ ಒಳಗೆ ಯಾರನ್ನೂ ಮಲಗಿಸಬೇಡಿ. ಹಿಂದಿನ ದೀಪ ಮಿಣುಕುತ್ತಿದ್ದರೆ ಮೊದಲು ಚಾಸಿಗೆ ಬಿಗಿದ ಗ್ರೌಂಡ್ ವೈರು ನೋಡಿ: ಚಾಸಿಯ ಬಣ್ಣ ಉಜ್ಜಿ ಲೋಹ ಕಾಣಿಸಿದ ಮೇಲೆಯೇ ಆ ವೈರು ಬಿಗಿಯಬೇಕು.

ಫೋಮ್ ಹಾಸಿಗೆ 140, ಬ್ಲೇಡು ಸ್ಯಾಂಡ್ ಪೇಪರ್ 120, ನೋಂದಣಿ 95. ಕಿಟ್ ಜೊತೆ ಬರುವ ತಯಾರಕರ ಮೂಲಪತ್ರವನ್ನು ಕಳೆದುಕೊಳ್ಳಬೇಡಿ. ನಂಬರ್ ಪ್ಲೇಟಿಗೆ ಅದನ್ನೇ ಕೇಳುತ್ತಾರೆ. ಎಲ್ಲ ಕೂಡಿದರೆ 4,396.

ತೂಕಕ್ಕೆ ಹಣ ಬೇಕಿಲ್ಲ, ಗಮನ ಬೇಕು. ಖಾಲಿ ಟ್ರೇಲರ್ 980 ಪೌಂಡ್ ತೂಗಿತು, ಕಾರಿಗೆ ಸಿಕ್ಕಿಸುವ ಮುಂದಿನ ಮೂಕಿಯ ಮೇಲೆ 110. ಎತ್ತಿನಗಾಡಿ ಹಿಂಭಾರವಾದರೆ ಮೂಕಿ ಏಳುವಂತೆಯೇ ಇಲ್ಲೂ. ಮೂಕಿಯ ಮೇಲೆ ಒಟ್ಟು ಭಾರದ ಶೇ. 10ರಿಂದ 15 ಇಲ್ಲದಿದ್ದರೆ ವೇಗದಲ್ಲಿ ಹಿಂಬದಿ ಓಲಾಡಲು ಶುರುವಾಗುತ್ತದೆ. ಅಡುಗೆಕಟ್ಟೆ ಹಿಂದಿರುವುದರಿಂದ ಅಪಾಯ ಅಲ್ಲೇ ಇದೆ. ಐದು ಗ್ಯಾಲನ್ ನೀರು ಮತ್ತು ತುಂಬಿದ ಕೂಲರ್, ಒಟ್ಟು 85 ಪೌಂಡ್, ಹಿಂದಿಟ್ಟಾಗ ಮೂಕಿಭಾರ 76ಕ್ಕೆ, ಅಂದರೆ ಶೇ. 7ಕ್ಕೆ ಇಳಿಯಿತು. ನೀರಿನ ಕ್ಯಾನನ್ನು ಮುಂದಿನ ತುದಿಗೆ ತಂದ ಮೇಲೆ ಮತ್ತೆ 110ರ ಹತ್ತಿರ ಬಂತು. ಸ್ನಾನದ ಮನೆಯ ತೂಕದ ಯಂತ್ರವನ್ನು ಮೂಕಿಯ ಕೆಳಗೆ, ಕಾರಿನ ಕೊಕ್ಕೆಯ ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಇಟ್ಟು, ಸಾಮಾನು ತುಂಬಿದ ಮೇಲೆ ಪ್ರತಿ ಸಲ ಹೊರಡುವ ಮುನ್ನ ನೋಡಿ.