ಗೈಡ್‌ಬುಕ್ಕನ್ನು ಪೆನ್ಸಿಲ್ ಹಿಡಿದು ಓದುವುದು: ಜಪಾನ್ ಪ್ರವಾಸಕ್ಕೆ ನಾನು ಮಾಡಿಕೊಳ್ಳುವ ತಯಾರಿ

ಗೈಡ್‌ಬುಕ್ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಮುದ್ರಣ ವಿವರದ ಪುಟ. ಅಲ್ಲಿ ಆವೃತ್ತಿಯ ವರ್ಷ ಇರುತ್ತದೆ. ಬರೆದವರು ಊರೂರು ಸುತ್ತಿ ಬೆಲೆ, ಸಮಯ ಗುರುತು ಹಾಕಿಕೊಂಡದ್ದು ಅದಕ್ಕೂ ಹಲವು ತಿಂಗಳ ಹಿಂದೆ. ಜಪಾನಿನ ಮಟ್ಟಿಗೆ ನನ್ನ ಗಡಿ 2023ರ ಅಕ್ಟೋಬರ್. ಅದಕ್ಕಿಂತ ಹಳೆಯ ಪುಸ್ತಕವಾದರೆ ಸಾರಿಗೆ ಅಧ್ಯಾಯದ ಮೇಲೆ ಅಡ್ಡ ಗೀಟು ಎಳೆದುಬಿಡುತ್ತೇನೆ.

ಏಕೆಂದರೆ ಆ ತಿಂಗಳು ದೇಶದ ಜೆಆರ್ ರೈಲುಗಳಲ್ಲಿ ಓಡಾಡಲು ಪ್ರವಾಸಿಗರು ಕೊಳ್ಳುವ ಏಳು ದಿನದ ಜೆಆರ್ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನ ಟಿಕೆಟ್ ಸುಮಾರು 14,000 ಯೆನ್. ಹೋಗಿಬರಲು 28,000. ಹಿರೋಶಿಮಾದವರೆಗೆ ಹೋಗಿ ಬಂದರೂ ಸುಮಾರು 40,000 ಅಷ್ಟೇ. 'ಮೊದಲು ಪಾಸ್ ತೆಗೆದುಕೊಳ್ಳಿ' ಎಂಬ ಹಳೆಯ ಸಲಹೆ ಈಗ ಹೆಚ್ಚಿನವರಿಗೆ ನಷ್ಟದ ಬಾಬತ್ತು. ಕ್ಯೋಟೊದಲ್ಲಿ ಬಸ್ಸಿಗೆ ಮಾತ್ರ ಸಿಗುತ್ತಿದ್ದ ದಿನದ ಪಾಸೂ ನಿಂತಿದೆ, ಈಗಿರುವುದು ಸಬ್‌ವೇ ಮತ್ತು ಬಸ್ ಸೇರಿದ 1,100 ಯೆನ್ನಿನದು. ಒಂದು ಸಲದ ಬಸ್ಸಿಗೆ 230 ಯೆನ್, ಆದ್ದರಿಂದ ದಿನಕ್ಕೆ ಐದು ಸಲ ಹತ್ತಿ ಇಳಿದರಷ್ಟೇ ಅದು ಗಿಟ್ಟುತ್ತದೆ.

ದೊಡ್ಡ ಸೂಟ್‌ಕೇಸಿನ ನಿಯಮವೂ ಹಳೆಯ ಪುಸ್ತಕಗಳಲ್ಲಿಲ್ಲ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಟೋಕಿಯೊ–ಕ್ಯೋಟೊ ರೈಲಿನಲ್ಲಿ ಲಗೇಜಿಗೆ ಜಾಗವಿರುವ ಸೀಟನ್ನೇ ಕಾಯ್ದಿರಿಸಬೇಕು, ಇಲ್ಲವಾದರೆ 1,000 ಯೆನ್ ದಂಡ. ಟೇಪು ಹಿಡಿಯುವಾಗ ಚಕ್ರ, ಹಿಡಿಕೆಗಳನ್ನೂ ಸೇರಿಸಿ ಅಳೆಯಿರಿ.

ಎಲ್ಲವೂ ಇಷ್ಟು ಬೇಗ ಹಳಸುವುದಿಲ್ಲ. ದೇವಾಲಯದ ಇತಿಹಾಸ, ಬೆಟ್ಟ ಹತ್ತುವ ದಾರಿ, ಯಾವ ಬೀದಿ ಯಾವುದಕ್ಕೆ ಹೊಂದಿಕೊಂಡಿದೆ ಎಂಬುದಕ್ಕೆ ಹತ್ತು ವರ್ಷದ ಪುಸ್ತಕವೂ ಸಾಕು. ಹಾಗೆಂದು ಕಣ್ಣು ಮುಚ್ಚಿ ನಂಬಬಾರದು. ಟೋಕಿಯೊದ ತ್ಸುಕಿಜಿ ಮಾರುಕಟ್ಟೆಯ ಮೀನಿನ ಹರಾಜು 2018ರ ಅಕ್ಟೋಬರಿನಲ್ಲೇ ತೊಯೊಸುಗೆ ಹೋಯಿತು, ಹಳೆಯ ಜಾಗದಲ್ಲಿ ಉಳಿದಿರುವುದು ಹೊರಗಿನ ಅಂಗಡಿಸಾಲು.

ಇನ್ನೊಂದು ತೊಡಕು ಆವೃತ್ತಿಗೆ ಸಂಬಂಧಿಸಿದ್ದಲ್ಲ. ಇಂಗ್ಲಿಷ್ ಗೈಡ್‌ಬುಕ್ಕುಗಳನ್ನು ಬರೆದಿರುವುದು ಬೇರೆಯವರ ಪಾಸ್‌ಪೋರ್ಟಿಗೆ, ಬೇರೆಯವರ ಹೊಟ್ಟೆಗೆ. 'ವೀಸಾ ಬೇಡ' ಎಂಬ ಸಾಲು ನಮಗೆ ಅನ್ವಯಿಸುವುದಿಲ್ಲ. ವೀಸಾ ಅರ್ಜಿಯ ಜೊತೆ ಯಾವ ದಿನ ಎಲ್ಲಿ, ಯಾವ ಹೋಟೆಲ್ ಎಂಬ ದಿನವಾರು ಪಟ್ಟಿ ಕೊಡಬೇಕು. ಪುಸ್ತಕದಲ್ಲಿ ಪೆನ್ಸಿಲ್ ಗುರುತು ಮಾಡುವ ಕೆಲಸವನ್ನು ನಾನು ಈ ಪಟ್ಟಿಗಾಗಿಯೇ ಮೊದಲು ಮುಗಿಸುತ್ತೇನೆ.

ಊಟದ ವಿಷಯಕ್ಕೆ ಬಂದರೆ, 'ಸಸ್ಯಾಹಾರ ಸಿಗುತ್ತದೆ' ಎಂಬ ಎಲೆಯ ಗುರುತನ್ನು ನಂಬಿ ಹೋಗಬೇಡಿ. ಮಿಸೊ ಸೂಪು, ಸೋಬಾದ ಸಾರು, ಕರಿದ ತೋಫುವಿನ ಮೇಲೆ ಸುರಿಯುವ ತಿಳಿಸಾರು, ಇವಕ್ಕೆಲ್ಲ ಸಾಮಾನ್ಯವಾಗಿ ತಳ ದಾಶಿ ಎಂಬ ತಿಳಿರಸ. ಅದನ್ನು ಮಾಡುವುದು ಹೆಚ್ಚಾಗಿ ಬೇಯಿಸಿ, ಹೊಗೆ ಕೊಟ್ಟು, ಒಣಗಿಸಿ ಹೆರೆದ ಕತ್ಸುಓ ಮೀನಿನಿಂದ. 'ಮಾಂಸ ಇದೆಯಾ' ಎಂದು ಕೇಳಿದರೆ ಅಡಿಗೆಯವರು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. ಕೇಳಬೇಕಾದದ್ದು 'ಕತ್ಸುಓ ದಾಶಿ ಗ ಹಾಯಿತ್ತೆ ಇಮಾಸು ಕಾ', ಅಂದರೆ ಇದರಲ್ಲಿ ಕತ್ಸುಓ ದಾಶಿ ಇದೆಯಾ ಎಂದು. ಪುಸ್ತಕದಲ್ಲಿ ನಾನು ಸುತ್ತು ಹಾಕುವುದು ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಊಟಕ್ಕೆ. ಅದರ ಸಾರಿಗೆ ಕೊಂಬು ಎಂಬ ಕಡಲಪಾಚಿ, ಒಣ ಅಣಬೆ ಬಳಸುತ್ತಾರೆ. ಅನ್ನ ಮಾಡಿಕೊಳ್ಳಲು ಊರಿನ ಕುಕ್ಕರ್ ಒಯ್ಯುವ ಯೋಚನೆ ಬೇಡ. ಅಲ್ಲಿ 100 ವೋಲ್ಟ್. 230 ವೋಲ್ಟಿನ ಹೀಟರ್ ಅಲ್ಲಿ ಐದರಲ್ಲೊಂದು ಪಾಲು ಶಕ್ತಿಯಲ್ಲಿ ಉರಿಯುತ್ತದೆ, ಅಕ್ಕಿ ನೆನೆಯುತ್ತದೆಯೇ ಹೊರತು ಬೇಯುವುದಿಲ್ಲ. ಫೋನಿನ ಚಾರ್ಜರಿಗೆ ತೊಂದರೆಯಿಲ್ಲ, ಎರಡು ಚಪ್ಪಟೆ ಕಾಲಿನ ಅಡಾಪ್ಟರ್ ಸಾಕು.

ದಿನಗಳನ್ನು ಜೋಡಿಸುವಾಗ ಪುಸ್ತಕದ ಅನುಕ್ರಮ ಬಿಟ್ಟು ನಕ್ಷೆ ಹಿಡಿಯಬೇಕು. ಬಾಗಿಲು ತೆರೆಯುವ ಹೊತ್ತು ಮುಖ್ಯ. ಕ್ಯೋಟೊದ ಗುಡಿಗಳನ್ನೇ ನೋಡಿ: ಫುಶಿಮಿ ಇನಾರಿ ದಿನವಿಡೀ ತೆರೆದಿರುತ್ತದೆ, ಟಿಕೆಟ್ಟೂ ಇಲ್ಲ. ಕಿಯೊಮಿಜು-ದೇರಾ ಬೆಳಿಗ್ಗೆ ಆರಕ್ಕೆ, ಕಿಂಕಾಕು-ಜಿ ಒಂಬತ್ತಕ್ಕೆ. ಹೀಗಾಗಿ ಮೊದಲೆರಡು ಮುಂಜಾನೆಗೆ. ಮ್ಯೂಸಿಯಂಗಳು ಬಹುಪಾಲು ಸೋಮವಾರ ರಜೆ, ಸೋಮವಾರ ಸರ್ಕಾರಿ ರಜೆಯಾದರೆ ಮಂಗಳವಾರ ಮುಚ್ಚುತ್ತವೆ. ಟೋಕಿಯೊ ಪಕ್ಕದ ಮಿತಾಕದಲ್ಲಿರುವ, ಘಿಬ್ಲಿ ಅನಿಮೇಷನ್ ಸ್ಟುಡಿಯೊದ ಮ್ಯೂಸಿಯಂಗೆ ಬಾಗಿಲಲ್ಲಿ ಟಿಕೆಟ್ ಇಲ್ಲ, ಮುಂದಿನ ತಿಂಗಳಿನದು ಪ್ರತಿ 10ನೇ ತಾರೀಖು ಅಲ್ಲಿನ ಬೆಳಿಗ್ಗೆ ಹತ್ತಕ್ಕೆ ಬಿಡುತ್ತಾರೆ, ಅಂದರೆ ನಮ್ಮ ಆರೂವರೆಗೆ. ಸ್ಟೇಷನ್ನಿಂದ '10 ನಿಮಿಷ ನಡಿಗೆ' ಎಂದಿದ್ದರೆ 800 ಮೀಟರ್ ಎಂದುಕೊಳ್ಳಿ. ಅಲ್ಲಿ ಮನೆ ಬಾಡಿಗೆಯ ಜಾಹೀರಾತುಗಳ ಲೆಕ್ಕ ನಿಮಿಷಕ್ಕೆ 80 ಮೀಟರ್. ಅಪ್ಪ ಅಮ್ಮ ಜೊತೆಗಿದ್ದರೆ ನಾನು 50 ಹಿಡಿಯುತ್ತೇನೆ.

ಕೊನೆಗೆ ಕತ್ತರಿ. ಇಡೀ ದೇಶದ ಪುಸ್ತಕ ಹೊತ್ತು ತಿರುಗುವುದು ಶಿಕ್ಷೆ. ಪುಸ್ತಕದ ಬೆನ್ನಿಗೆ ಹೇರ್ ಡ್ರೈಯರ್ ಹಿಡಿದು ಎರಡು ನಿಮಿಷ ಬಿಸಿ ಮಾಡಿದರೆ ಅಂಟು ಮೆತ್ತಗಾಗುತ್ತದೆ. ಬೇಕಾದ ಅಧ್ಯಾಯದ ಎರಡೂ ತುದಿಯಲ್ಲಿ ಪುಸ್ತಕವನ್ನು ಪೂರ್ತಿ ಅಗಲಿಸಿ, ನಡುಸಾಲಿನಲ್ಲಿ ಕಟರ್ ಓಡಿಸಬೇಕು. ಹೊಲಿದ ಬೈಂಡಿಂಗ್ ಆದರೆ ಫಾರಂ, ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಹಾಳೆಗಳ ಕಟ್ಟು, ಮುಗಿಯುವಲ್ಲೇ ಕತ್ತರಿಸಬೇಕು. ನಡುವೆ ಕತ್ತರಿಸಿದರೆ ಜೋಡಿ ಹಾಳೆಗಳು ಒಂದೊಂದಾಗಿ ಉದುರುತ್ತವೆ. ಬೆನ್ನಿಗೆ ಅಗಲ ಬಟ್ಟೆ ಟೇಪು ಹಚ್ಚಿ. ನಕ್ಷೆಯ ಸಂಕೇತಗಳ ಪುಟ ಸಾಮಾನ್ಯವಾಗಿ ಬೇರೆಡೆ ಇರುತ್ತದೆ, ಅದನ್ನು ಮರೆತರೆ ನಕ್ಷೆಯ ಚುಕ್ಕಿಗಳು ಮೂಕ. ಊರಿನ ಹೆಸರು ಜಪಾನಿ ಲಿಪಿಯಲ್ಲಿರುವ ಪುಟ ಮಾತ್ರ ಯಾವಾಗಲೂ ಮೇಲಿರಲಿ, ಬಸ್ ಡ್ರೈವರಿಗೆ ಬೆರಳಿಟ್ಟು ತೋರಿಸುವುದು ಅದನ್ನೇ.