ಪ್ರಾಸ್ಟೇಟ್ ಸ್ಲೈಡಲ್ಲಿ ಸಿಡಿ8 ಎಣಿಸಿದ್ದು: ನನ್ನ ಅನುಭವ

ಬೆಂಗಳೂರಲ್ಲಿ ಒಂದು ಪೆಥಾಲಜಿ ಲ್ಯಾಬಲ್ಲಿ ಕೆಲ್ಸ ನಂದು. ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಬರೋ ಟಿಶ್ಯೂನಲ್ಲಿ ಸಿಡಿ8 ಟಿ ಸೆಲ್ (ರೋಗನಿರೋಧಕ ಸೆಲ್‌ಗಳಲ್ಲಿ ಒಂದು ಬಗೆ) ಎಷ್ಟಿವೆ ಅಂತ ಎಣಿಸ್ಬೇಕಿತ್ತು, ಕ್ಯಾನ್ಸರ್ ಸೆಲ್ಲನ್ನ ನೇರವಾಗಿ ಕೊಲ್ಲೋ ತಾಕತ್ತು ಇವಕ್ಕಿದೆ. ಬಣ್ಣ ಹಾಕಿದ್ರೆ ಇವು ಕಂದಾಗಿ ಕಾಣುತ್ತೆ. ಮೊದಲನೇ ವಾರ ಸ್ಲೈಡ್ ತುಂಬಾ ಕಂದು ಚುಕ್ಕೆ, ನಂಗೆ ಖುಷಿಯೋ ಖುಷಿ, ಶೀಟ್ ತುಂಬ್ಸಿ ಮೇಡಂಗೆ ಕೊಟ್ಟೆ. ಅವ್ರು ಮೈಕ್ರೋಸ್ಕೋಪಲ್ಲಿ ಸುಮಾರು ಹೊತ್ತು ನೋಡಿ, "ಈ ಗ್ರಂಥಿ ಕ್ಯಾನ್ಸರ್ರೇ ಅಂತ ಹೆಂಗಮ್ಮ ಗೊತ್ತಾಯ್ತು ನಿಂಗೆ?" ಅಂದ್ರು.

ಅಲ್ಲೇ ತಪ್ಪಾಗಿದ್ದು. ವಯಸ್ಸಾದವ್ರ ಪ್ರಾಸ್ಟೇಟಲ್ಲಿ ಕ್ಯಾನ್ಸರ್ ಇಲ್ದಿರೋ ಗ್ರಂಥಿ ಸುತ್ತಾನೂ ಉರಿಯೂತ ಇರೋದು ಮಾಮೂಲು, ನಾನು ಆ ಗುಂಪನ್ನೆಲ್ಲಾ ಕ್ಯಾನ್ಸರ್ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಮತ್ತೆ ಬ್ಲಾಕ್ (ಮೇಣದಲ್ಲಿ ಕೂರಿಸಿದ ಟಿಶ್ಯೂ) ತಗೊಂಡು 4 ಮೈಕ್ರಾನ್ ದಪ್ಪದ ಸೆಕ್ಷನ್ ಎರಡು, ಒಂದರ ಹಿಂದೆ ಒಂದು ಕಟ್ ಮಾಡ್ದೆ, ಒಂದಕ್ಕೆ ಪಿ63 ಗುರುತಿಸೋ ಆಂಟಿಬಾಡಿ, ಇನ್ನೊಂದಕ್ಕೆ ಸಿಡಿ8ದು. ಕುಕ್ಕರಲ್ಲಿ ಬಫರ್ ಜೊತೆ ಕುದ್ಸಿ, ಆಂಟಿಬಾಡಿ ಹಾಕಿ, ಸರಿಯಾಗಿ ಹಿಡಿದಿದ್ಯಾ ಅಂತ ನೋಡೋಕೆ ಪಕ್ಕದಲ್ಲಿ ಟಾನ್ಸಿಲ್ ಸ್ಲೈಡನ್ನೂ ಓಡಿಸ್ದೆ. ಪಿ63 ಹಿಡಿಯೋದು ಬೇಸಲ್ ಸೆಲ್ಲಿನ, ಅಂದ್ರೆ ಗ್ರಂಥಿಯ ಹೊರ ಅಂಚಿನ ಸೆಲ್ಲಿನ, ನ್ಯೂಕ್ಲಿಯಸ್ಸನ್ನ. ಚೆನ್ನಾಗಿರೋ ಗ್ರಂಥಿ ಸುತ್ತ ಅದು ಮಣಿ ಪೋಣಿಸಿದಂಗೆ ಕಂದು ಸಾಲಾಗಿ ಕಾಣುತ್ತೆ, ಕ್ಯಾನ್ಸರ್ ಗ್ರಂಥಿಗೆ ಆ ಸಾಲೇ ಇರಲ್ಲ. ಅದನ್ನ ನೋಡ್ಕೊಂಡು ಸಿಡಿ8 ಸ್ಲೈಡಿನ ಗಾಜಿನ ಮೇಲೆ ಮಾರ್ಕರ್ ಪೆನ್ನಲ್ಲಿ ಗಡಿ ಹಾಕ್ದೆ. ಸ್ಲೈಡಿಗೆ ಮುಕ್ಕಾಲು ಗಂಟೆ ಹಿಡೀತು, ಆದ್ರೆ ಈ ಕೆಲ್ಸ ಬಿಟ್ಟು ಎಣಿಸೋದ್ರಲ್ಲಿ ಅರ್ಥವೇ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಚಿತ್ರಾನೇ ಬೇರೆ ಆಯ್ತು. ಕ್ಯಾನ್ಸರ್ ಗ್ರಂಥಿಗಳ ಒಳಗೆ 40ಎಕ್ಸಲ್ಲಿ ಒಂದು ಫೀಲ್ಡಿಗೆ ಎರಡೋ ಮೂರೋ, ಕೆಲವು ಫೀಲ್ಡಲ್ಲಿ ಒಂದೂ ಇಲ್ಲ, ಸುತ್ತಲಿನ ಸ್ಟ್ರೋಮಾದಲ್ಲಿ (ಗ್ರಂಥಿಗಳ ನಡುವಿನ ಆಧಾರ ಟಿಶ್ಯೂ) ಮಾತ್ರ ಬಾಗಿಲ ಹೊರಗೆ ನಿಂತಂಗೆ ಒಂದಷ್ಟು. ಪ್ರಾಸ್ಟೇಟನ್ನ ಕೋಲ್ಡ್ ಟ್ಯೂಮರ್ ಅಂತ ಕರಿಯೋದು ಇದಕ್ಕೇ. ಆಮೇಲೆ ಮ್ಯಾಕ್ರೋಫೇಜ್ ಅನ್ನೋ ಇನ್ನೊಂದು ಬಗೆ ನಿರೋಧಕ ಸೆಲ್ಲನ್ನ ತೋರಿಸೋ ಸಿಡಿ163 ಹಾಕಿದ್ರೆ ಅದೇ ಸ್ಟ್ರೋಮಾದಲ್ಲಿ ಅವು ಬೇಕಾದಷ್ಟು, ಈ ಬಗೆಯವು ಟಿ ಸೆಲ್ಲನ್ನ ಹತ್ತಿಕ್ಕೋ ಕಡೆಗೇ ವಾಲೋದು ಜಾಸ್ತಿ.

ಬನಶಂಕರಿಯಲ್ಲಿ ನಮ್ ಪಕ್ಕದ್ಮನೆ ಅಂಕಲ್‌ಗೂ ಇದೇ ಕಾಯಿಲೆ, "ಇಮ್ಯುನೊಥೆರಪಿ ಕೊಡಿಸ್ಬೋದಾಮ್ಮ?" ಅಂತ ಅವ್ರ ಮಗ ಕೇಳಿದ್ರು. ಪೆಂಬ್ರೊಲಿಜುಮಾಬ್‌ನಂಥ ಔಷಧಿ ಟಿ ಸೆಲ್ಲಿಗೆ ಬಿದ್ದಿರೋ ಬ್ರೇಕ್ ತೆಗಿಯುತ್ತೆ, ಒಳಗೆ ಟಿ ಸೆಲ್ಲೇ ಕಮ್ಮಿ ಇದ್ರೆ ಪ್ರಾಸ್ಟೇಟಲ್ಲಿ ಹೆಚ್ಚಿನವ್ರಿಗೆ ಪ್ರಯೋಜನ ಕಮ್ಮಿ, ಎಂಎಸ್‌ಐ-ಹೈ (ಡಿಎನ್ಎ ತಪ್ಪು ಸರಿಪಡಿಸೋ ವ್ಯವಸ್ಥೆ ಕೆಟ್ಟಿರೋ ಗುರುತು) ಬಂದ ಕೆಲವ್ರಿಗೆ ಕೆಲ್ಸ ಮಾಡುತ್ತೆ, ಆ ಟೆಸ್ಟ್ ಬಗ್ಗೆ ನಿಮ್ ಆಂಕಾಲಜಿಸ್ಟನ್ನ ಕೇಳಿ ಅಂದೆ. ಅವ್ರು ಟೆಸ್ಟಿನ ಹೆಸರನ್ನ ರಿಪೋರ್ಟ್ ಕವರ್ ಮೇಲೆ ಬರ್ಕೊಂಡ್ರು.